ಇಪ್ಪತ್ತಮೂರರ ಇಂಜಿನಿಯರ್ ಕೈಗೆ ಬೊಕ್ಕಸದ ಕೀಲಿ: ಪರ-ವಿರೋಧ

2025ರ ಜನವರಿ 20ರಂದು ಡೊನಾಲ್ಡ್ ಟ್ರಂಪ್ ಎರಡನೇ ಸಲ ಅಧಿಕಾರಕ್ಕೆ ಬಂದರು. ಅಂದೇ ಸಹಿ ಬಿದ್ದ ಆದೇಶಗಳಲ್ಲೊಂದು ‘ಸರ್ಕಾರಿ ದಕ್ಷತಾ ಇಲಾಖೆ’ಯನ್ನು ಹುಟ್ಟುಹಾಕಿತು. ಎಲ್ಲರ ಬಾಯಲ್ಲಿ ಅದು ಡೋಜ್. ಮುಂದೆ ನಿಂತವರು ಇಲಾನ್ ಮಸ್ಕ್. ಆದರೆ ಇಲಾಖೆಯಿಂದ ಇಲಾಖೆಗೆ ಹೋಗಿ, ಕಂಪ್ಯೂಟರ್ ತೆರೆದು, ಗುತ್ತಿಗೆ ಮತ್ತು ಅನುದಾನಗಳ ಪಟ್ಟಿ ಇಳಿಸಿಕೊಂಡವರಲ್ಲಿ 19ರಿಂದ 25ರ ವಯಸ್ಸಿನ ಇಂಜಿನಿಯರುಗಳಿದ್ದರು. ಅವರಲ್ಲಿ ತುಂಬಾ ಚರ್ಚೆಯಾದ ಹೆಸರು ನೆಬ್ರಾಸ್ಕಾದ ಲೂಕ್ ಫ್ಯಾರಿಟರ್. ಆಗ ಅವರಿಗೆ 23 ವರ್ಷ. ಆರೋಗ್ಯ ಇಲಾಖೆ, ಇಂಧನ ಇಲಾಖೆ, ವಿದೇಶಿ ನೆರವಿನ ಸಂಸ್ಥೆ ಯುಎಸ್‌ಏಡ್, ಎಲ್ಲ ಕಡೆಯ ವರದಿಗಳಲ್ಲೂ ಅವರ ಹೆಸರು ಬಂತು.

ಸರ್ಕಾರದ ಖರ್ಚು ಕಡಿತಕ್ಕೆ ಇಂಥ ಯುವ ಸಾಫ್ಟ್‌ವೇರ್ ಇಂಜಿನಿಯರುಗಳನ್ನು ಇಳಿಸಿದ್ದು ಸರಿಯೇ? ಇಬ್ಬರ ವಾದ ಇಲ್ಲಿದೆ.

ಪರ: ಲೆಕ್ಕ ಓದಲು ಬರುವವರೇ ಲೆಕ್ಕ ನೋಡಲಿ

ಫ್ಯಾರಿಟರ್ ಅವರನ್ನು ‘ಮಸ್ಕ್ ಕರೆತಂದ ಹುಡುಗ’ ಎಂದು ತಳ್ಳಿಹಾಕುವ ಮೊದಲು, ಅವರು ಅದಕ್ಕೂ ಹಿಂದೆ ಏನು ಮಾಡಿದ್ದರು ಎಂದು ನೋಡೋಣ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಇಟಲಿಯ ಹರ್ಕ್ಯುಲೇನಿಯಂ ಊರಿನ ಗ್ರಂಥಾಲಯವೊಂದು ಬೂದಿಯಡಿ ಹುಗಿದುಹೋಯಿತು. ಇದ್ದಿಲಾಗಿದ್ದ ಪಪೈರಸ್ ಸುರುಳಿಗಳು 1750ರ ದಶಕದಲ್ಲಿ ಸಿಕ್ಕವು. ಮುಟ್ಟಿದರೆ ಪುಡಿ. 2023ರಲ್ಲಿ, ಎಕ್ಸ್-ರೇ ಸ್ಕ್ಯಾನ್‌ಗಳನ್ನು ಸಾರ್ವಜನಿಕರ ಮುಂದಿಟ್ಟು ‘ಓದಿ ತೋರಿಸಿ’ ಎಂಬ ಸ್ಪರ್ಧೆ ಏರ್ಪಟ್ಟಾಗ, 21 ವರ್ಷದ ಕಾಲೇಜು ವಿದ್ಯಾರ್ಥಿ ಫ್ಯಾರಿಟರ್ ತಾವೇ ಒಂದು ಕೃತಕ ಬುದ್ಧಿಮತ್ತೆ ಮಾದರಿಯನ್ನು ತರಬೇತುಗೊಳಿಸಿದರು. ಸುಟ್ಟ ಪದರದಲ್ಲಿ ಶಾಯಿಯ ಗುರುತು ಹಿಡಿಯಿತು ಅದು. ಮೊದಲು ಹೊರಬಂದ ಇಡೀ ಪದ ಗ್ರೀಕಿನ ‘ಪೋರ್ಫಿರಾಸ್’, ಎಂದರೆ ನೇರಳೆ. 40 ಸಾವಿರ ಡಾಲರ್ ಬಹುಮಾನ ಬಂತು. 2024ರ ಫೆಬ್ರವರಿಯಲ್ಲಿ, ಇನ್ನಿಬ್ಬರ ಜತೆ ಸೇರಿ ಅನೇಕ ಅಂಕಣಗಳನ್ನೇ ಓದಿ ತೋರಿಸಿದ್ದಕ್ಕೆ 7 ಲಕ್ಷ ಡಾಲರ್‌ನ ಮಹಾಬಹುಮಾನ.

ಅವರಿಗೆ ಗ್ರೀಕ್ ವಿದ್ವಾಂಸರ ಪದವಿ ಇರಲಿಲ್ಲ. ‘ಅನುಭವ ಇಲ್ಲದವರು ಕೈ ಹಾಕಬಾರದು’ ಎಂಬ ನಿಯಮ ಅಲ್ಲಿ ನಡೆದಿದ್ದರೆ ಆ ಪದ ಇನ್ನೂ ಇದ್ದಿಲಿನೊಳಗೇ ಇರುತ್ತಿತ್ತು. ಸಿಲಿಕಾನ್ ವ್ಯಾಲಿಯಲ್ಲಿ ಯಾವ ಬಾಗಿಲು ತಟ್ಟಿದರೂ ಕರೆದು ಕೂರಿಸುವಂಥ ಪ್ರತಿಭೆ ಸರ್ಕಾರಿ ಕಚೇರಿಯ ಹಳೆ ಸರ್ವರ್‌ಗಳ ಮುಂದೆ ಬಂದು ಕುಳಿತದ್ದನ್ನು ನಾನು ಒಳ್ಳೆಯ ಸುದ್ದಿಯಾಗಿಯೇ ನೋಡುತ್ತೇನೆ.

ಆ ಕಚೇರಿಗಳ ಸ್ಥಿತಿ ಹೇಗಿತ್ತು? ಪೆನ್ಸಿಲ್ವೇನಿಯಾದ ಬೋಯರ್ಸ್ ಎಂಬಲ್ಲಿ ಹಳೆಯ ಸುಣ್ಣದಕಲ್ಲಿನ ಗಣಿಯೊಂದಿದೆ. ನೆಲದಿಂದ 200 ಅಡಿಗೂ ಹೆಚ್ಚು ಆಳ. ಅಮೆರಿಕದ ಕೇಂದ್ರ ಸರ್ಕಾರಿ ನೌಕರರು ನಿವೃತ್ತರಾದರೆ ಅವರ ಕಾಗದಪತ್ರ ಆ ಗಣಿಗೆ ಹೋಗುತ್ತಿತ್ತು. ನೂರಾರು ಸಿಬ್ಬಂದಿ ರಟ್ಟಿನ ಪೆಟ್ಟಿಗೆಗಳಿಂದ ಕಡತ ತೆಗೆದು, ಕೈಯಿಂದ ಕೈಗೆ ದಾಟಿಸಿ, ಪಿಂಚಣಿ ಲೆಕ್ಕ ಹಾಕುತ್ತಿದ್ದರು. ಚಂದ್ರನ ಮೇಲೆ ಮನುಷ್ಯನನ್ನು ಇಳಿಸಿದ ದೇಶ ಇದು. ತೆರಿಗೆ ಇಲಾಖೆಯ ಮುಖ್ಯ ದತ್ತಾಂಶ ವ್ಯವಸ್ಥೆ 1960ರ ದಶಕದ್ದು. ಸರ್ಕಾರ ವರ್ಷಕ್ಕೆ ಐಟಿಗೆಂದು ಸುರಿಯುವ ಸುಮಾರು 10,000 ಕೋಟಿ ಡಾಲರ್‌ನಲ್ಲಿ ನೂರಕ್ಕೆ ಎಂಬತ್ತರಷ್ಟು ಇದ್ದದ್ದನ್ನು ಇದ್ದಹಾಗೆ ಓಡಿಸುವುದಕ್ಕೇ ಮುಗಿಯುತ್ತದೆ. ಇದನ್ನು ಹೇಳಿದ್ದು ಮಸ್ಕ್ ಅಲ್ಲ, ಅಲ್ಲಿನ ಸಂಸತ್ತಿನದೇ ಲೆಕ್ಕಪರಿಶೋಧನಾ ಸಂಸ್ಥೆಯಾದ ಜಿಎಒ.

ಅದೇ ಜಿಎಒ ಇನ್ನೊಂದು ಲೆಕ್ಕ ಕೊಟ್ಟಿತು. 2024ರ ಆರ್ಥಿಕ ವರ್ಷ ಒಂದರಲ್ಲೇ ಅನುಚಿತ ಪಾವತಿ, ಎಂದರೆ ಯಾರಿಗೆ ಹೋಗಬಾರದೋ ಅವರಿಗೆ, ಅಥವಾ ಎಷ್ಟು ಹೋಗಬಾರದೋ ಅಷ್ಟು ಹೋದ ಹಣ, ಸುಮಾರು 16,200 ಕೋಟಿ ಡಾಲರ್. 2003ರಿಂದ ಕೂಡಿಸಿದರೆ 2.8 ಲಕ್ಷ ಕೋಟಿ ಡಾಲರ್. ಪ್ರತಿವರ್ಷ ವರದಿ ಬರುತ್ತಿತ್ತು, ಪ್ರತಿವರ್ಷ ಸಮಿತಿಗಳು ತಲೆಯಾಡಿಸುತ್ತಿದ್ದವು. ಇತ್ತ ರಾಷ್ಟ್ರೀಯ ಸಾಲ 36 ಲಕ್ಷ ಕೋಟಿ ಡಾಲರ್ ದಾಟಿತ್ತು. 2024ರಲ್ಲಿ ಬಡ್ಡಿಗೆ ಕಟ್ಟಿದ ಹಣ ಸೇನೆಗೆ ಖರ್ಚಾದದ್ದಕ್ಕಿಂತ ಹೆಚ್ಚು. ಈ ಸ್ಥಿತಿಯಲ್ಲಿ ‘ನಿಧಾನವಾಗಿ, ಕ್ರಮಬದ್ಧವಾಗಿ’ ಎನ್ನುವ ಬುದ್ಧಿಮಾತು ಏನೂ ಮಾಡದೆ ಕೂರುವುದರ ಇನ್ನೊಂದು ರೂಪವಾಗಿಬಿಡುತ್ತದೆ.

ಡೋಜ್ ಬಂದ ತಿಂಗಳೊಳಗೆ ಹೊರಬಿದ್ದ ಒಂದು ಸಂಗತಿ ನನಗೆ ಮುಖ್ಯವಾಗಿ ಕಾಣುತ್ತದೆ. ಅಮೆರಿಕದ ಖಜಾನೆಯಿಂದ ಹೊರಹೋಗುವ ಪಾವತಿಗೆ ‘ಇದು ಯಾವ ಬಜೆಟ್ ಬಾಬ್ತಿನದು’ ಎಂದು ತೋರಿಸುವ ಒಂದು ಸಂಕೇತ ಇರುತ್ತದೆ. ಸುಮಾರು 4.7 ಲಕ್ಷ ಕೋಟಿ ಡಾಲರ್ ಪಾವತಿಗಳಲ್ಲಿ ಆ ಜಾಗವನ್ನು ತುಂಬುವುದು ಕಡ್ಡಾಯವಾಗಿರಲಿಲ್ಲ, ಬಹಳ ಸಲ ಅದು ಖಾಲಿಯೇ ಇರುತ್ತಿತ್ತು ಎಂದು ಡೋಜ್ ಹೇಳಿತು. ಆಮೇಲೆ ಅದನ್ನು ಕಡ್ಡಾಯ ಮಾಡಲಾಯಿತು. ಅಷ್ಟೂ ಹಣ ಕಳುವಾಗಿತ್ತು ಎಂದು ಇದರ ಅರ್ಥವಲ್ಲ. ಹಣ ಯಾವ ಬಾಬ್ತಿನಲ್ಲಿ ಹೋಯಿತು ಎಂದು ಹಿಂಬಾಲಿಸಿ ಹೋಗುವುದು ಕಷ್ಟವಾಗಿತ್ತು ಎಂದಷ್ಟೇ. ಡೇಟಾಬೇಸ್ ಜತೆ ದಿನಾ ಒಡನಾಡುವ ಯಾರಿಗಾದರೂ ಮೊದಲ ನೋಟಕ್ಕೇ ಕಣ್ಣಿಗೆ ಬೀಳುವ ಕೊರತೆ ಅದು. ವರ್ಷಾನುಗಟ್ಟಲೆ ಆ ಪರದೆ ನೋಡಿ ಅಭ್ಯಾಸವಾದವರಿಗೆ ಅದು ಕಾಣುವುದೇ ನಿಂತುಹೋಗಿರುತ್ತದೆ.

ವಯಸ್ಸಿನ ಮಾತಿಗೆ ಬರೋಣ. ಬೆಂಗಳೂರಿನ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ. ಎಲೆಕ್ಟ್ರಾನಿಕ್ ಸಿಟಿಯಲ್ಲೋ ವೈಟ್‌ಫೀಲ್ಡಿನಲ್ಲೋ ರಾತ್ರಿ ಪಾಳಿಯಲ್ಲಿ ಕೂತು ಅಮೆರಿಕದ ಬ್ಯಾಂಕುಗಳ, ವಿಮಾ ಕಂಪನಿಗಳ ವ್ಯವಸ್ಥೆ ಕಾಯುವವರ ವಯಸ್ಸೆಷ್ಟು? ಹಾಸನದಿಂದ, ಕಲಬುರಗಿಯಿಂದ, ಶಿರಸಿಯಿಂದ ಬಂದ 23, 24ರ ಹುಡುಗ ಹುಡುಗಿಯರು. ತನ್ನ ಬ್ಯಾಂಕುಗಳ ಕೋಟಿಗಟ್ಟಲೆ ವಹಿವಾಟನ್ನು ಅವರ ಕೈಗೆ ಒಪ್ಪಿಸಿ ನಿಶ್ಚಿಂತೆಯಿಂದ ಮಲಗುವ ಅಮೆರಿಕ, ತನ್ನದೇ ಸರ್ಕಾರದ ಲೆಕ್ಕವನ್ನು ತನ್ನದೇ 23ರ ಹುಡುಗ ನೋಡಿದರೆ ಏಕೆ ಬೆಚ್ಚಬೇಕು? ಅಲ್ಲಿನ ಕೇಂದ್ರ ಸರ್ಕಾರಿ ನೌಕರರಲ್ಲಿ 30ರ ಒಳಗಿನವರು ನೂರಕ್ಕೆ ಹತ್ತು ಮಂದಿಯೂ ಇಲ್ಲ. ದೋಷ ಎಂದರೆ ಅದು.

ಹೊರಗಿನವರು ಬಂದು ಸರ್ಕಾರದ ಮಾನ ಉಳಿಸಿದ್ದಕ್ಕೆ ಒಬಾಮ ಕಾಲದ ಉದಾಹರಣೆಯೇ ಇದೆ. 2013ರ ಅಕ್ಟೋಬರ್‌ನಲ್ಲಿ ಆರೋಗ್ಯ ವಿಮೆಯ ಜಾಲತಾಣ ತೆರೆದ ಮೊದಲ ದಿನ ನೋಂದಣಿ ಪೂರ್ತಿ ಮಾಡಲು ಸಾಧ್ಯವಾದದ್ದು ಆರು ಜನಕ್ಕೆ. ಕೋಟಿಗಟ್ಟಲೆ ಪಡೆದ ಗುತ್ತಿಗೆದಾರರು ಕೈಚೆಲ್ಲಿ ಕೂತಾಗ ಖಾಸಗಿ ಕಂಪನಿಗಳಿಂದ ಬಂದ ಇಂಜಿನಿಯರುಗಳ ಸಣ್ಣ ತಂಡ ಅದನ್ನು ಎತ್ತಿ ನಿಲ್ಲಿಸಿತು. ಆ ಅನುಭವದಿಂದಲೇ 2014ರಲ್ಲಿ ಯುಎಸ್ ಡಿಜಿಟಲ್ ಸರ್ವಿಸ್ ಹುಟ್ಟಿತು. ಡೋಜ್ ಎಂದರೆ ಕಾಗದದ ಮೇಲೆ ಅದೇ ಕಚೇರಿಯ ಹೊಸ ಹೆಸರು.

ತಪ್ಪುಗಳಾದವು, ಹೌದು. 80 ಲಕ್ಷ ಡಾಲರ್‌ನ ಗುತ್ತಿಗೆಯೊಂದನ್ನು 800 ಕೋಟಿ ಎಂದು ಉಳಿತಾಯದ ಪಟ್ಟಿಯಲ್ಲಿ ಹಾಕಿಬಿಟ್ಟಿದ್ದರು. ಅದು ಹೇಗೆ ಗೊತ್ತಾಯಿತು? ಅವರು ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿದ್ದರು, ಪತ್ರಕರ್ತರು ಒಂದೊಂದೇ ಸಾಲು ಹಿಡಿದು ತಾಳೆ ನೋಡಿದರು, ಪಟ್ಟಿ ತಿದ್ದಲ್ಪಟ್ಟಿತು. ಮಾಜಿ ಸೈನಿಕರ ಇಲಾಖೆಯಲ್ಲಿ ಕೆಲಸ ಮಾಡಿದ ಸಾಹಿಲ್ ಲವಿಂಗಿಯಾ ಎಂಬ ಇಂಜಿನಿಯರ್ ತಾವು ಬರೆದ ಕೋಡನ್ನೇ ಜಗತ್ತಿನ ಮುಂದಿಟ್ಟರು. ಸರ್ಕಾರ ತಾನು ಎಣಿಸಿದ್ದಷ್ಟು ಅದಕ್ಷವಾಗಿಲ್ಲ ಎಂದು ಬಹಿರಂಗವಾಗಿ ಹೇಳಿದರು, ಅದಕ್ಕೆ ಕೆಲಸವನ್ನೂ ಕಳೆದುಕೊಂಡರು. ಕಂಡದ್ದನ್ನು ಕಂಡಹಾಗೆ ಹೇಳುವ ಈ ಗುಣ ಆಡಳಿತಕ್ಕೆ ಬೇಕು. ದಶಕಗಟ್ಟಲೆ ಅಲ್ಲೇ ಕೂತವರ ತಪ್ಪುಗಳು ಗಣಿಯೊಳಗಿನ ಪೆಟ್ಟಿಗೆಗಳಲ್ಲಿದ್ದವು, ಅವನ್ನು ಯಾರೂ ತಾಳೆ ನೋಡಲಿಲ್ಲ.

ಇನ್ನೊಂದು ಆಕ್ಷೇಪ: ಇವರನ್ನು ಆರಿಸಿದವರಾರು? ಟ್ರಂಪ್ ಅವರನ್ನು 7 ಕೋಟಿ 70 ಲಕ್ಷಕ್ಕೂ ಹೆಚ್ಚು ಜನ ಆರಿಸಿದರು, ಖರ್ಚು ಕಡಿತದ ಮಾತನ್ನು ಮುಚ್ಚಿಡದೆ ಹೇಳಿಯೇ ಅವರು ಮತ ಕೇಳಿದ್ದರು. ಯುಎಸ್‌ಏಡ್ ಕಾರ್ಯಕ್ರಮಗಳಲ್ಲಿ ನೂರಕ್ಕೆ 83ನ್ನು ರದ್ದು ಮಾಡಿದ್ದಾಗಿ 2025ರ ಮಾರ್ಚ್ 10ರಂದು ಘೋಷಿಸಿದವರು ವಿದೇಶಾಂಗ ಸಚಿವ ಮಾರ್ಕೊ ರೂಬಿಯೊ. ಪಿಂಚಣಿ ಕೊಡುವ ಸಾಮಾಜಿಕ ಭದ್ರತಾ ಇಲಾಖೆಯ ದತ್ತಾಂಶ ನೋಡಲು ಡೋಜ್‌ಗೆ ದಾರಿ ಬಿಟ್ಟದ್ದು, ಅದೇ ವರ್ಷದ ಜೂನ್ 6ರಂದು, ಸುಪ್ರೀಂ ಕೋರ್ಟ್. ನೀತಿ ಇಷ್ಟವಾಗದವರು ನೀತಿ ಮಾಡಿದವರನ್ನು ಕೇಳಲಿ. ಕೀಬೋರ್ಡಿನ ಮುಂದಿದ್ದ ಹುಡುಗರ ಹೆಸರು, ಮನೆ, ಹಳೆಯ ಫೋಟೊಗಳನ್ನು ಬೀದಿಗೆ ತಂದು ಬೆದರಿಕೆ ಹಾಕಿದ್ದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ. ಮುಂದಿನ ಸರ್ಕಾರ ಯಾವ ಪಕ್ಷದ್ದೇ ಆಗಲಿ, ಅದಕ್ಕೂ ಬೋಯರ್ಸ್ ಗಣಿಯಂಥ ಇನ್ನೆಷ್ಟೋ ಗಂಟುಗಳನ್ನು ಬಿಡಿಸಲು ಜಾಣ ಇಂಜಿನಿಯರುಗಳು ಬೇಕಾಗುತ್ತಾರೆ. ಈ ಒಂದು ತಲೆಮಾರಿಗೆ ಆದದ್ದನ್ನು ನೋಡಿದ ಮೇಲೆ ಎಷ್ಟು ಮಂದಿ ಬಂದಾರು ಎಂಬುದೇ ನನ್ನ ಚಿಂತೆ.

ವಿರೋಧ: ಓದುವ ಮೊದಲೇ ಕತ್ತರಿಸಿದರು

ಫ್ಯಾರಿಟರ್ ಅವರ ಪ್ರತಿಭೆಯನ್ನು ನಾನು ಎಳ್ಳಷ್ಟೂ ಕಡಿಮೆ ಮಾಡುವುದಿಲ್ಲ. ವಯಸ್ಸೂ ನನ್ನ ತಕರಾರಲ್ಲ. ಎದುರು ಪಕ್ಷ ಆ ಸುರುಳಿಯ ಕಥೆಯಿಂದ ಶುರುಮಾಡಿದ್ದಕ್ಕೆ ಸಂತೋಷವಾಯಿತು, ಏಕೆಂದರೆ ಆ ಕಥೆಯಲ್ಲೇ ನನ್ನ ವಾದ ಪೂರ್ತಿ ಇದೆ.

ಹರ್ಕ್ಯುಲೇನಿಯಂ ಸುರುಳಿಗಳು ಸಿಕ್ಕ ಕಾಲದಲ್ಲಿ ಜನ ಅವನ್ನು ಚಾಕುವಿನಿಂದ ಸೀಳಿದರು. ಎಷ್ಟೋ ಅಲ್ಲೇ ಪುಡಿಯಾದವು. ಆಂಟೋನಿಯೊ ಪಿಯಾಜಿಯೊ ಎಂಬ ಪಾದ್ರಿ ಒಂದು ಯಂತ್ರ ಕಟ್ಟಿ ಕೂದಲೆಳೆಯಷ್ಟೇ ಬಿಚ್ಚುತ್ತ ಹೋದರು, ಆದರೂ ನಷ್ಟ ತಪ್ಪಲಿಲ್ಲ. ಆಮೇಲೆ ಕೆಂಟಕಿ ವಿಶ್ವವಿದ್ಯಾಲಯದ ಬ್ರೆಂಟ್ ಸೀಲ್ಸ್ ಸುಮಾರು ಎರಡು ದಶಕ ದುಡಿದು ‘ಬಿಚ್ಚದೆ ಓದುವ’ ವಿಧಾನ ರೂಪಿಸಿದರು. ಸುರುಳಿ ಇದ್ದಲ್ಲೇ ಇರುತ್ತದೆ, ಕಂಪ್ಯೂಟರಿನಲ್ಲಿ ಮಾತ್ರ ಅದು ಬಿಚ್ಚಿಕೊಳ್ಳುತ್ತದೆ. ಯಂತ್ರ ಅಕ್ಷರ ತೋರಿಸಿದ ಮೇಲೂ ಅದನ್ನು ಪಪೈರಸ್ ವಿದ್ವಾಂಸರ ಮುಂದಿಟ್ಟು, ಅವರು ಬೇರೆ ಬೇರೆಯಾಗಿ ನೋಡಿ ‘ಹೌದು’ ಎಂದ ಮೇಲೇ ಬಹುಮಾನ. ಫ್ಯಾರಿಟರ್ ಗೆದ್ದದ್ದು ಈ ಕಟ್ಟುಪಾಡಿನೊಳಗೆ. ಮಾದರಿ ತಪ್ಪಿದ್ದರೆ ಸುರುಳಿಗೆ ಏನೂ ಆಗುತ್ತಿರಲಿಲ್ಲ, ಮರುದಿನ ಇನ್ನೊಂದು ಮಾದರಿ ಹಾಕಿ ನೋಡಬಹುದಿತ್ತು. ವಾಷಿಂಗ್ಟನ್ನಿನಲ್ಲಿ ನಡೆದದ್ದು ಇದರ ತದ್ವಿರುದ್ಧ. ಅಲ್ಲಿ ಮೊದಲು ಸೀಳಿದರು, ಆಮೇಲೆ ಒಳಗೇನಿತ್ತು ಎಂದು ವಿಚಾರಿಸಿದರು.

ಎಲೆಕ್ಟ್ರಾನಿಕ್ ಸಿಟಿಯ ರಾತ್ರಿ ಪಾಳಿಯ ಹುಡುಗಿಯ ಮಾತು ಬಂತು. ಆ ಕೆಲಸ ಮಾಡುವ ಯಾರನ್ನಾದರೂ ಕೇಳಿ. ಬ್ಯಾಂಕಿನ ನಿಜವಾದ ವಹಿವಾಟು ನಡೆಯುವ ಪ್ರೊಡಕ್ಷನ್ ಸರ್ವರ್ ಮುಟ್ಟಬೇಕಾದರೆ ಆಕೆ ಮೊದಲು ಟಿಕೆಟ್, ಎಂದರೆ ಅನುಮತಿಯ ಕೋರಿಕೆ, ಎತ್ತಬೇಕು. ಬದಲಾವಣೆಗೆ ಇಲ್ಲಿ ಒಬ್ಬರು, ಅಲ್ಲಿ ಗ್ರಾಹಕರ ಕಡೆ ಒಬ್ಬರು ಒಪ್ಪಿಗೆ ಕೊಡಬೇಕು. ಕೋಡನ್ನು ಇನ್ನೊಬ್ಬರು ರಿವ್ಯೂ ಮಾಡಬೇಕು. ಕೆಟ್ಟರೆ ಹಿಂದಕ್ಕೆ ತರುವ ರೋಲ್‌ಬ್ಯಾಕ್ ಯೋಜನೆ ಮೊದಲೇ ಬರೆದಿಟ್ಟಿರಬೇಕು. ಸಾಮಾನ್ಯವಾಗಿ ಆಕೆಗೆ ಸಿಗುವುದು ನೋಡುವ ಅಧಿಕಾರ, ಬದಲಿಸುವುದಲ್ಲ. ಪೆನ್ ಡ್ರೈವ್ ಹಾಕಿದರೂ ಅಲಾರಂ ಹೊಡೆಯುತ್ತದೆ. ಆಕೆಯ ಮೇಲಿನ ನಂಬಿಕೆ ನಿಂತಿರುವುದು ಈ ಕಟ್ಟಳೆಗಳ ಮೇಲೆ. ಇಂಧನ ಇಲಾಖೆಯಲ್ಲಿ ಅಲ್ಲಿನ ಕಾನೂನು ಮತ್ತು ಐಟಿ ಮುಖ್ಯಸ್ಥರ ಆಕ್ಷೇಪವಿದ್ದರೂ ಫ್ಯಾರಿಟರ್ ಅವರಿಗೆ ಪ್ರವೇಶ ಕೊಡಲಾಯಿತು ಎಂದು ವರದಿಯಾಯಿತು. ಅಣ್ವಸ್ತ್ರಗಳನ್ನು ನೋಡಿಕೊಳ್ಳುವ ಇಲಾಖೆ ಅದು. ಡೋಜ್ ಓಡಾಡುತ್ತಿದ್ದ ಆ ವಾರಗಳಲ್ಲೇ ಅದರ ಅಣು ಭದ್ರತಾ ವಿಭಾಗದ 300ಕ್ಕೂ ಹೆಚ್ಚು ಮಂದಿಯನ್ನು ಮನೆಗೆ ಕಳಿಸಿ, ದಿನ ಕಳೆಯುವುದರೊಳಗೆ ಹೆಚ್ಚಿನವರನ್ನು ವಾಪಸ್ ಕರೆಯಬೇಕಾಯಿತು. ನಮ್ಮ ಯಾವ ಸಾಫ್ಟ್‌ವೇರ್ ಕಂಪನಿಯಲ್ಲಿ ಇದನ್ನು ‘ವೇಗದ ಕೆಲಸ’ ಎನ್ನುತ್ತಾರೆ?

ಲವಿಂಗಿಯಾ ಕೋಡ್ ಪ್ರಕಟಿಸಿದ್ದು ಪ್ರಾಮಾಣಿಕತೆ, ನಿಜ. ಆ ಕೋಡ್ ಏನು ಮಾಡುತ್ತಿತ್ತು ಎಂಬುದನ್ನೂ ಹೇಳಬೇಕಲ್ಲ. ಮಾಜಿ ಸೈನಿಕರ ಇಲಾಖೆಯ ಸಾವಿರಾರು ಗುತ್ತಿಗೆಗಳಲ್ಲಿ ಯಾವುದನ್ನು ‘ನುಂಗಿಹಾಕಬಹುದು’, ಎಂದರೆ ರದ್ದು ಮಾಡಬಹುದು, ಎಂದು ಕೃತಕ ಬುದ್ಧಿಮತ್ತೆಯ ಒಂದು ಭಾಷಾ ಮಾದರಿ ಗುರುತು ಹಾಕಬೇಕಿತ್ತು. ಅದಕ್ಕೆ ಕೊಟ್ಟದ್ದು ಪ್ರತಿ ಗುತ್ತಿಗೆಯ ಮೊದಲ ಸುಮಾರು 10,000 ಅಕ್ಷರ, ಎಂದರೆ ಆರಂಭದ ಕೆಲವೇ ಪುಟ. ಮುಂದಿನ ಪುಟಗಳಲ್ಲಿ ಏನಿದೆ ಎಂದು ಅದು ನೋಡಲೇ ಇಲ್ಲ. ಪ್ರೊಪಬ್ಲಿಕಾ ಎಂಬ ತನಿಖಾ ಸುದ್ದಿಸಂಸ್ಥೆ ಪರಿಶೀಲಿಸಿದಾಗ, ಸಾವಿರಕ್ಕೂ ಹೆಚ್ಚು ಗುತ್ತಿಗೆಗಳ ಮೌಲ್ಯವನ್ನು ಯಂತ್ರ ತಲಾ 3.4 ಕೋಟಿ ಡಾಲರ್ ಎಂದು ಕಲ್ಪಿಸಿಕೊಂಡಿತ್ತು. ಅವುಗಳಲ್ಲಿ ಕೆಲವು ನಿಜಕ್ಕೂ 35 ಸಾವಿರ ಡಾಲರ್‌ನಷ್ಟು ಚಿಕ್ಕವು. ತನ್ನ ಕೋಡ್ ಹೇಳಿದಂತೆ ಯಾರೂ ನಡೆಯಬಾರದು ಎಂದು ಬರೆದವರೇ ಒಪ್ಪಿಕೊಂಡರು. ಆಸ್ಪತ್ರೆಯಲ್ಲಿ ರೋಗಿಯನ್ನು ಎತ್ತುವ ಯಂತ್ರ ಬೇಕೋ ಬೇಡವೋ ಎಂದು ದಾದಿಗೆ ಗೊತ್ತಿರುತ್ತದೆ. ಆ ತಿಳಿವಳಿಕೆ ಗುತ್ತಿಗೆ ಪತ್ರದ ಯಾವ ಸಾಲಿನಲ್ಲೂ ಇರುವುದಿಲ್ಲ.

ಇನ್ನು ಯುಎಸ್‌ಏಡ್. ಕೆನಡಿ ಕಾಲದಲ್ಲಿ, 1961ರಲ್ಲಿ ಹುಟ್ಟಿ ಸುಮಾರು 10,000 ಸಿಬ್ಬಂದಿಯಷ್ಟು ಬೆಳೆದಿದ್ದ ಸಂಸ್ಥೆಯನ್ನು ವಾರಾಂತ್ಯವೊಂದರಲ್ಲಿ ‘ಮರ ಪುಡಿಮಾಡುವ ಯಂತ್ರಕ್ಕೆ ಹಾಕಿದೆವು’ ಎಂದು ಮಸ್ಕ್ ಹೆಮ್ಮೆಯಿಂದ ಬರೆದುಕೊಂಡರು. ಪಾವತಿ ವ್ಯವಸ್ಥೆಯ ಹಿಡಿತ ಡೋಜ್ ಇಂಜಿನಿಯರುಗಳ ಕೈಗೆ ಬಂತು. ಸಚಿವರೇ ಒಪ್ಪಿದ ಜೀವರಕ್ಷಕ ಕಾರ್ಯಕ್ರಮಗಳ ಪಾವತಿಯೂ ಅವರ ಹಂತದಲ್ಲಿ ನಿಂತುಹೋಯಿತು ಎಂದು ವರದಿಗಳು ಬಂದವು. ‘ನೀತಿ ಮಾಡಿದವರನ್ನು ಕೇಳಿ’ ಎಂಬ ಎದುರು ಪಕ್ಷದ ಮಾತು ಇಲ್ಲಿ ಉಳಿಯುವುದಿಲ್ಲ. ಮಾಡಿದ ಕೆಲಸದ ಬಿಲ್ಲುಗಳೇ ಸುಮಾರು 200 ಕೋಟಿ ಡಾಲರ್ ಬಾಕಿ ಬಿದ್ದು, ಪಾವತಿಯ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಮಾರ್ಚ್ 5ರಂದು ಅದು 5-4 ಬಹುಮತದಲ್ಲಿ ಸರ್ಕಾರದ ಮನವಿಯನ್ನು ತಳ್ಳಿಹಾಕಿತು.

ಅಂಥ ಪಾವತಿಯ ಇನ್ನೊಂದು ತುದಿಯಲ್ಲಿ ಏನಿರುತ್ತದೆ ಎಂಬುದು ಕರ್ನಾಟಕದವರಿಗೆ ಗೊತ್ತಿರಬೇಕು. 2006ರಲ್ಲಿ ಶುರುವಾಗಿ ನಮ್ಮ ಜಿಲ್ಲೆಗಳಲ್ಲಿ ಎಚ್‌ಐವಿ ತಡೆ ಮತ್ತು ಆರೈಕೆಗೆ ದುಡಿದ ‘ಸಮಸ್ಥ’ ಯೋಜನೆ ಯುಎಸ್‌ಏಡ್ ಹಣದಲ್ಲೇ ನಡೆಯಿತು. ಬಸ್ ನಿಲ್ದಾಣದ ಪಕ್ಕದ ಚಿಕಿತ್ಸಾಲಯ, ಮನೆಮನೆಗೆ ಹೋಗುವ ಕಾರ್ಯಕರ್ತೆ, ತಿಂಗಳು ತಪ್ಪದೆ ಸಿಗಬೇಕಾದ ಮಾತ್ರೆ: ಎಚ್‌ಐವಿ ಕೆಲಸ ನಿಂತಿರುವುದು ಇವುಗಳ ಮೇಲೆ. 2003ರಲ್ಲಿ ಜಾರ್ಜ್ ಬುಷ್ ಶುರುಮಾಡಿದ ಪೆಪ್‌ಫಾರ್ ಎಂಬ ಏಡ್ಸ್ ನೆರವಿನ ಯೋಜನೆ ಎರಡೂವರೆ ಕೋಟಿ ಜೀವ ಉಳಿಸಿತು ಎಂಬ ಅಮೆರಿಕದ್ದೇ ಲೆಕ್ಕ ಇಂಥ ಮಾತ್ರೆಗಳ ಲೆಕ್ಕ. 2025ರ ಆರಂಭದಲ್ಲಿ ಹೈದರಾಬಾದಿನ ಮಿತ್ರ್ ಕ್ಲಿನಿಕ್, ಲಿಂಗತ್ವ ಅಲ್ಪಸಂಖ್ಯಾತರಿಗೆಂದೇ ತೆರೆದಿದ್ದದ್ದು, ಹಣ ನಿಂತು ಬಾಗಿಲು ಹಾಕಿತು. ಎಬೋಲಾ ತಡೆಯನ್ನು ‘ಆಕಸ್ಮಿಕವಾಗಿ’ ರದ್ದು ಮಾಡಿದ್ದೆವು, ಕೂಡಲೇ ಸರಿಪಡಿಸಿದೆವು ಎಂದು ಮಸ್ಕ್ ಸಂಪುಟ ಸಭೆಯಲ್ಲಿ ಹೇಳಿದರು. ಸಾಫ್ಟ್‌ವೇರಿನಲ್ಲಿ ಒಂದು ಸಾಲು ವಾಪಸ್ ಹಾಕಿದರೆ ಎಲ್ಲ ಮೊದಲಿನಂತಾಗುತ್ತದೆ. ಚದುರಿಹೋದ ಕಾರ್ಯಕರ್ತೆಯರು, ಮಾತ್ರೆ ತಪ್ಪಿ ಮೈಯಲ್ಲಿ ಮತ್ತೆ ಏರಿದ ವೈರಾಣು, ಗೋದಾಮಿನಲ್ಲಿ ಅವಧಿ ಮುಗಿದ ಔಷಧ, ಇವು ಯಾವ ಗುಂಡಿ ಒತ್ತಿದರೂ ಹಿಂದಕ್ಕೆ ಬರುವುದಿಲ್ಲ.

‘ತಪ್ಪನ್ನು ಪ್ರಕಟಿಸಿ ತಿದ್ದಿದರು’ ಎಂಬ ಹೊಗಳಿಕೆಗೆ ನಮ್ಮ ದೇಶದ್ದೇ ಉತ್ತರವಿದೆ. ಫೆಬ್ರವರಿ 16ರಂದು ಡೋಜ್ ‘ಭಾರತದಲ್ಲಿ ಮತದಾನ ಹೆಚ್ಚಿಸಲು 2.1 ಕೋಟಿ ಡಾಲರ್’ ರದ್ದು ಮಾಡಿದೆ ಎಂದು ಪ್ರಕಟಿಸಿತು. ಟ್ರಂಪ್ ಅದನ್ನು ದಿನಕ್ಕೊಂದು ಬಣ್ಣ ಹಚ್ಚಿ ಹೇಳಿದರು. ದೆಹಲಿಯಲ್ಲಿ ಪಕ್ಷಗಳು ಒಂದರ ಮೇಲೊಂದು ವಿದೇಶಿ ಕೈವಾಡದ ಆರೋಪ ಎಸೆದುಕೊಂಡವು. ಆ ಮೊತ್ತ ಬಾಂಗ್ಲಾದೇಶದ ಕಾರ್ಯಕ್ರಮದ್ದು ಎಂದು ಇಂಡಿಯನ್ ಎಕ್ಸ್‌ಪ್ರೆಸ್ ದಾಖಲೆ ಸಹಿತ ಬರೆಯಿತು. ಭಾರತದಲ್ಲಿ ಅಂಥ ನೆರವೇ ಇರಲಿಲ್ಲ ಎಂದು ಅಮೆರಿಕದ ರಾಯಭಾರ ಕಚೇರಿ ತಿಳಿಸಿದ್ದನ್ನು ಆಗಸ್ಟ್‌ನಲ್ಲಿ ನಮ್ಮ ಸರ್ಕಾರ ರಾಜ್ಯಸಭೆಗೆ ಹೇಳಿತು. ಆರು ತಿಂಗಳು! ಅಷ್ಟರಲ್ಲಿ ಆ ಸುಳ್ಳು ನಮ್ಮೂರಿನ ಎಷ್ಟು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತಿಬಂದಿದೆಯೋ. 150 ವರ್ಷ ವಯಸ್ಸಿನವರಿಗೂ ಸಾಮಾಜಿಕ ಭದ್ರತೆಯ ಪಿಂಚಣಿ ಹೋಗುತ್ತಿದೆ ಎಂದು ಮಸ್ಕ್ ಹೇಳಿದ ಕಥೆಯೂ ಹೀಗೇ. ಡೇಟಾಬೇಸಿನಲ್ಲಿ ಸಾವಿನ ದಿನಾಂಕ ಖಾಲಿಯಿದ್ದವರೆಲ್ಲ ಹಣ ಪಡೆಯುತ್ತಿದ್ದಾರೆ ಎಂದು ಓದಿಕೊಂಡರು. ಅಂಥ ಹೆಸರುಗಳಲ್ಲಿ ಬಹುತೇಕ ಯಾರಿಗೂ ಹಣ ಹೋಗುತ್ತಿಲ್ಲ ಎಂದು ಆ ಇಲಾಖೆಯೊಳಗಿನ ಅಪವ್ಯಯ, ಅಕ್ರಮಗಳನ್ನು ತನಿಖೆ ಮಾಡುವ ಇನ್‌ಸ್ಪೆಕ್ಟರ್ ಜನರಲ್ ಕಚೇರಿ 2023ರಲ್ಲೇ ಬರೆದಿಟ್ಟಿತ್ತು. ಕೋಡ್ ಓದಲು ಬರುವುದು ಬೇರೆ, ಆ ಖಾಲಿ ಜಾಗಕ್ಕೆ ಕಾರಣವೇನು ಎಂದು ಪಕ್ಕದ ಮೇಜಿನವರನ್ನು ಕೇಳುವ ತಾಳ್ಮೆ ಬೇರೆ. ಅದಿರಲಿ, ಹಾಗೆ ಕೇಳುವುದೇ ಕೆಲಸವಾಗಿದ್ದ ಸುಮಾರು 17 ಇನ್‌ಸ್ಪೆಕ್ಟರ್ ಜನರಲ್‌ಗಳನ್ನು ಜನವರಿ 24ರ ರಾತ್ರಿ ಟ್ರಂಪ್ ಕಿತ್ತೊಗೆದಿದ್ದರು. ಅಪವ್ಯಯ ಹಿಡಿಯುವುದೇ ಉದ್ದೇಶವಾಗಿದ್ದರೆ ಮೊದಲು ಅವರನ್ನು ಇಟ್ಟುಕೊಳ್ಳುತ್ತಿದ್ದರು.

ಸನ್ನಿವೇಲ್‌ನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಕನ್ನಡದ ಮನೆಗಳಿಗೆ ಇದು ದೂರದ ಮಾತಲ್ಲ. ಅವರು ಪ್ರತಿ ಸಂಬಳದಲ್ಲಿ ಸಾಮಾಜಿಕ ಭದ್ರತೆಗೆ ಹಣ ಕಟ್ಟುತ್ತಾರೆ. ಅವರ ಜನ್ಮದಿನಾಂಕ, ವಿಳಾಸ, ವಲಸೆಯ ವಿವರ ಎಲ್ಲ ಆ ಕಡತಗಳಲ್ಲಿವೆ. ಖಜಾನೆಯ ಪಾವತಿ ವ್ಯವಸ್ಥೆಗೆ ಕಳಿಸಲಾಗಿದ್ದ 25ರ ಇಂಜಿನಿಯರ್ ಒಬ್ಬರಿಗೆ ಬದಲಾವಣೆ ಮಾಡುವ ಅಧಿಕಾರವೂ ಸ್ವಲ್ಪ ಕಾಲ ‘ತಪ್ಪಾಗಿ’ ಸಿಕ್ಕಿತ್ತು ಎಂದು ಸರ್ಕಾರವೇ ನ್ಯಾಯಾಲಯಕ್ಕೆ ಹೇಳಿತು. ಭಾರತೀಯರ ಮೇಲಿನ ದ್ವೇಷ ಸಹಜವಾಗಬೇಕು ಎಂಬರ್ಥದ ಪೋಸ್ಟ್ ಅವರ ಖಾತೆಯದು ಎಂದು ಬಯಲಾದಾಗ ಅವರು ರಾಜೀನಾಮೆ ಕೊಟ್ಟರು. ಕೆಲವೇ ದಿನಗಳಲ್ಲಿ, ಭಾರತೀಯ ಮೂಲದ ಪತ್ನಿಯಿರುವ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಅವರ ಬೆಂಬಲದೊಂದಿಗೇ ಮರಳಿ ಸೇರಿಕೊಂಡರು. ಬೆಂಗಳೂರಿನ ಸಣ್ಣ ಕಂಪನಿಯಲ್ಲೂ ಗ್ರಾಹಕರ ದತ್ತಾಂಶ ಮುಟ್ಟುವ ಮೊದಲು ಹಿನ್ನೆಲೆ ಪರಿಶೀಲನೆ ನಡೆಯುತ್ತದೆ. ಕೋಟ್ಯಂತರ ಜನರ ಬದುಕಿನ ವಿವರವಿರುವಲ್ಲಿ ಅಷ್ಟನ್ನಾದರೂ ನಿರೀಕ್ಷಿಸುವುದು ಅತಿಯಾಸೆಯಲ್ಲ.

ಇಷ್ಟೆಲ್ಲ ಆದಮೇಲೆ ಉಳಿದದ್ದೆಷ್ಟು? ಮೊದಲು ಹೇಳಿದ್ದು 2 ಲಕ್ಷ ಕೋಟಿ ಡಾಲರ್. ಆಮೇಲೆ 1 ಲಕ್ಷ ಕೋಟಿ. ಏಪ್ರಿಲ್ ಹೊತ್ತಿಗೆ 15,000 ಕೋಟಿ. ಕೊನೆಗೆ ಡೋಜ್ ತನ್ನ ಜಾಲತಾಣದಲ್ಲಿ 21,400 ಕೋಟಿ ಎಂದು ಬರೆದುಕೊಂಡಿತು, ಅದರ ಬಹುಪಾಲನ್ನು ಹೊರಗಿನವರು ತಾಳೆ ನೋಡಲಾಗಲಿಲ್ಲ. ಜುಲೈನಲ್ಲಿ ಸಂಸತ್ತು ಮತ ಹಾಕಿ ನಿಜಕ್ಕೂ ವಾಪಸ್ ಪಡೆದದ್ದು ಸುಮಾರು 900 ಕೋಟಿ. ಇದು ಇಂಜಿನಿಯರುಗಳ ಸೋಮಾರಿತನದಿಂದ ಆದದ್ದಲ್ಲ, ಅವರು ಹಗಲಿರುಳು ದುಡಿದರು. ಅಮೆರಿಕದ ಖರ್ಚು ಇರುವುದು ಪಿಂಚಣಿ, ಹಿರಿಯರ ಆರೋಗ್ಯ ವಿಮೆ ಮೆಡಿಕೇರ್, ಬಡವರ ಆರೋಗ್ಯ ವಿಮೆ ಮೆಡಿಕೇಡ್, ಸೇನೆ ಮತ್ತು ಬಡ್ಡಿಯಲ್ಲಿ. ನಾಗರಿಕ ಸಿಬ್ಬಂದಿಯ ಸಂಬಳ ಒಟ್ಟು ಖರ್ಚಿನ ಇಪ್ಪತ್ತನೇ ಒಂದು ಭಾಗದ ಆಸುಪಾಸು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತಾಯಿತು, ನೆಗಡಿಯೂ ಹೋಗಲಿಲ್ಲ.

ಎದುರು ಪಕ್ಷ ಯುಎಸ್ ಡಿಜಿಟಲ್ ಸರ್ವಿಸ್ ಹೆಸರೆತ್ತಿತು. ಆ ತಂಡಕ್ಕೆ ಏನಾಯಿತು ಎಂದು ಮುಂದುವರಿಸಲಿಲ್ಲ. ‘ಸಾರ್ವಜನಿಕ ಸೇವೆಗಳನ್ನು ಕೆಡವಲು ನಮ್ಮ ಕೌಶಲ ಬಳಸುವುದಿಲ್ಲ’ ಎಂಬ ಅರ್ಥದ ಪತ್ರ ಬರೆದು ಅಲ್ಲಿನ 21 ಮಂದಿ ಫೆಬ್ರವರಿ 25ರಂದು ಒಟ್ಟಿಗೆ ರಾಜೀನಾಮೆ ಕೊಟ್ಟರು. ಅದರ ಸೋದರ ತಂಡ 18ಎಫ್ ಅನ್ನು ಮಾರ್ಚ್ 1ರ ನಡುರಾತ್ರಿ ಒಂದು ಇಮೇಲ್ ಕಳಿಸಿ ಮುಚ್ಚಿದರು. ಇವರೂ ಕೋಡ್ ಬರೆಯುವವರೇ, ಇವರಲ್ಲೂ ಖಾಸಗಿ ಕಂಪನಿಗಳ ದೊಡ್ಡ ಸಂಬಳ ಬಿಟ್ಟು ಬಂದವರಿದ್ದರು. ದಲ್ಲಾಳಿ ಕಂಪನಿಗೆ ದುಡ್ಡು ಕೊಡದೆ ನೇರವಾಗಿ, ಉಚಿತವಾಗಿ ತೆರಿಗೆ ವಿವರ ಸಲ್ಲಿಸುವ ‘ಡೈರೆಕ್ಟ್ ಫೈಲ್’ ವ್ಯವಸ್ಥೆ ಕಟ್ಟುವುದರಲ್ಲಿ ಇವರ ಕೈಯಿತ್ತು. ಜನರ ಹಣ ಉಳಿಸುತ್ತಿದ್ದ ಆ ವ್ಯವಸ್ಥೆಯನ್ನೂ ನಿಲ್ಲಿಸಲಾಯಿತು. ಸುರುಳಿಗಳ ವಿಷಯವೂ ಇಷ್ಟೇ. ಸೀಲ್ಸ್ ಅವರ ಪ್ರಯೋಗಾಲಯಕ್ಕೆ 1.4 ಕೋಟಿ ಡಾಲರ್ ಕೊಟ್ಟದ್ದು ಸರ್ಕಾರದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ. ಮಾನವಿಕ ಅಧ್ಯಯನಗಳ ರಾಷ್ಟ್ರೀಯ ನಿಧಿಯೂ ಅವರ ಕೆಲಸವನ್ನು ಪೋಷಿಸಿತ್ತು. ಅದೇ ನಿಧಿಯ 1,400ಕ್ಕೂ ಹೆಚ್ಚು ಅನುದಾನಗಳನ್ನು 2025ರ ಏಪ್ರಿಲ್‌ನಲ್ಲಿ ಡೋಜ್ ರದ್ದು ಮಾಡಿಸಿತು. ನಾಳೆ ಇನ್ನೊಬ್ಬ 21ರ ಹುಡುಗನಿಗೆ ಓದಲು ಸುರುಳಿಯ ಸ್ಕ್ಯಾನ್ ಸಿಗಬೇಕಾದರೆ, ಇಪ್ಪತ್ತು ವರ್ಷ ಫಲ ಕಾಣದ ಕೆಲಸಕ್ಕೆ ಯಾರಾದರೂ ಇಂದು ಹಣ ಕೊಡಬೇಕು. ‘ವ್ಯರ್ಥ’ ಎಂದು ಹುಡುಕುವ ಯಂತ್ರಕ್ಕೆ ಮೊದಲು ಸಿಗುವುದು ಇಂಥ ಕೆಲಸವೇ.

ಸರ್ಕಾರ ದಪ್ಪಗಾಗಿದೆ, ಕರಗಬೇಕು ಎಂಬುದಕ್ಕೆ ನನ್ನ ತಕರಾರಿಲ್ಲ. ಬೋಯರ್ಸ್ ಗಣಿಯ ಕಡತಗಳು ಕಂಪ್ಯೂಟರಿಗೆ ಬರಲೇಬೇಕಿತ್ತು. ಆನ್‌ಲೈನ್ ನಿವೃತ್ತಿ ಅರ್ಜಿಯ ಕೆಲಸ ಡೋಜ್‌ಗಿಂತ ಮೊದಲೇ ಶುರುವಾಗಿತ್ತು, ಅದಕ್ಕೆ ವೇಗ ಕೊಟ್ಟಿದ್ದರೆ ಆ ಶ್ರೇಯ ಅವರಿಗಿರಲಿ. ಆದರೆ ದೊಡ್ಡ ಕಡಿತಕ್ಕೂ ಅಮೆರಿಕದಲ್ಲೇ ಬೇರೆ ದಾರಿ ಇತ್ತು. 1993ರಲ್ಲಿ ಕ್ಲಿಂಟನ್ ಈ ಕೆಲಸವನ್ನು ಉಪಾಧ್ಯಕ್ಷ ಅಲ್ ಗೋರ್‌ಗೆ ಒಪ್ಪಿಸಿದರು. ಗೋರ್ ಕರೆದದ್ದು ಇಲಾಖೆಗಳ ಒಳಗೇ ದುಡಿಯುತ್ತಿದ್ದ ಸುಮಾರು 250 ನೌಕರರನ್ನು. ಎಲ್ಲಿ ಸೋರುತ್ತದೆ ಎಂದು ಅವರಿಗೆ ಗೊತ್ತಿತ್ತು. 1994ರಲ್ಲಿ ಸಂಸತ್ತು ಕಾನೂನು ಮಾಡಿ, ಸ್ವಇಚ್ಛೆಯಿಂದ ಬಿಡುವವರಿಗೆ 25 ಸಾವಿರ ಡಾಲರ್‌ವರೆಗೆ ಪರಿಹಾರ ಕೊಟ್ಟಿತು. ಆ ದಶಕ ಮುಗಿಯುವ ಹೊತ್ತಿಗೆ ಸುಮಾರು 4 ಲಕ್ಷ ಹುದ್ದೆ ಕಡಿಮೆಯಾಗಿದ್ದವು. ಯಾವ ಅಣು ಭದ್ರತಾ ಸಿಬ್ಬಂದಿಯ ಹಿಂದೆ ಬಿದ್ದು ‘ದಯವಿಟ್ಟು ವಾಪಸ್ ಬನ್ನಿ’ ಎಂದು ಫೋನ್ ಮಾಡಬೇಕಾಗಲಿಲ್ಲ. ತೆರಿಗೆ ಏರಿಕೆ, ಆರ್ಥಿಕ ಏಳಿಗೆಗಳ ಜತೆ ಸೇರಿ ಆ ಶಿಸ್ತು ಫಲ ಕೊಟ್ಟಿತು. 1998ರಿಂದ 2001ರವರೆಗೆ ನಾಲ್ಕು ವರ್ಷ ಅಮೆರಿಕದ ಬಜೆಟ್ ಮಿಗತೆಯಲ್ಲಿತ್ತು. ಡೋಜ್ ಕತ್ತರಿ ಹಿಡಿದ 2025ರ ಆರ್ಥಿಕ ವರ್ಷದಲ್ಲಿ ಕೇಂದ್ರ ಸರ್ಕಾರದ ಒಟ್ಟು ಖರ್ಚು ಸುಮಾರು 7 ಲಕ್ಷ ಕೋಟಿ ಡಾಲರ್, ಅದರ ಹಿಂದಿನ ವರ್ಷಕ್ಕಿಂತ ಹೆಚ್ಚು.